ವೃತ್ತದಲ್ಲಿ ಸೇರುವ ಜನ, ಸಭೆಯಲ್ಲಿ ಕಾಣದ ಜನ

2020ರ ಆಗಸ್ಟ್ 28ರ ಬೆಳಗಿನ ಜಾವ ಬೆಳಗಾವಿ–ಖಾನಾಪುರ ರಸ್ತೆಯಲ್ಲಿರುವ ಪೀರನವಾಡಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯೊಂದು ಎದ್ದು ನಿಂತಿತು. ಅದೇ ತಿಂಗಳ 15ರಂದು, ಅಂದರೆ ರಾಯಣ್ಣನ ಜನ್ಮದಿನದಂದು ಇಡಲಾಗಿದ್ದ ಪ್ರತಿಮೆಯನ್ನು ಅಧಿಕಾರಿಗಳು ತೆರವುಗೊಳಿಸಿದ್ದರು. ಅದರ ವಿರುದ್ಧ ರಾಜ್ಯದ ಹಲವೆಡೆ ಪ್ರತಿಭಟನೆ ನಡೆದಿತ್ತು. ಆಮೇಲೆ ರಾತ್ರೋರಾತ್ರಿ ಅಭಿಮಾನಿಗಳು ಮತ್ತೆ ಪ್ರತಿಮೆ ನಿಲ್ಲಿಸಿದರು. ಆ ವೃತ್ತ ಶಿವಾಜಿ ಮಹಾರಾಜರ ಹೆಸರಿನೊಂದಿಗೆ ಗುರುತಿಸಿಕೊಂಡದ್ದು ಎಂದು ಮರಾಠಿ ಭಾಷಿಕರು ಬೀದಿಗಿಳಿದರು. ಘೋಷಣೆ, ನೂಕುನುಗ್ಗಲು, ಲಾಠಿ ಎಲ್ಲವೂ ಆಯಿತು. ಸಂಜೆಯಾಗುವಷ್ಟರಲ್ಲಿ ಪೊಲೀಸ್ ಇಲಾಖೆಯ ಹಿರಿಯ ಅಧಿಕಾರಿಗಳ ಸಮ್ಮುಖದಲ್ಲಿ ಎರಡೂ ಕಡೆಯ ಮುಖಂಡರು ಕುಳಿತು ಒಂದು ಒಪ್ಪಂದಕ್ಕೆ ಬಂದರು. ವೃತ್ತಕ್ಕೆ ಶಿವಾಜಿ ಮಹಾರಾಜರ ಹೆಸರು, ಪ್ರತಿಮೆ ರಾಯಣ್ಣನದು. ಇಬ್ಬರು ವೀರರೂ ಒಂದೇ ಕೂಡುರಸ್ತೆಯಲ್ಲಿ ಉಳಿದರು.

ಒಪ್ಪಂದ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಗಡಿನಾಡಿನಲ್ಲಿ ಒಂದು ಜೀವವೂ ಹೋಗದೆ ಅಂಥ ದಿನವೊಂದು ಮುಗಿದರೆ ಅದೇ ದೊಡ್ಡದು. ನಮ್ಮ ಪ್ರಶ್ನೆ ಬೇರೆ. ತಮ್ಮ ಊರಿನ ವೃತ್ತದಲ್ಲಿ ಏನಿರಬೇಕು, ಅದಕ್ಕೆ ಯಾವ ಹೆಸರಿರಬೇಕು ಎಂಬುದನ್ನು ಪೀರನವಾಡಿಯ ಜನ ಎಲ್ಲಿ ಕುಳಿತು ತೀರ್ಮಾನಿಸಬೇಕಿತ್ತು? ಒಂದೇ ಓಣಿಯಲ್ಲಿ ಮರಾಠಿ, ಕನ್ನಡ, ಉರ್ದು ಮೂರೂ ಕೇಳಿಸುವ ಊರು ಅದು. ಹೆಸರಿನಲ್ಲೇ ಒಬ್ಬ ಪೀರನನ್ನು ಇಟ್ಟುಕೊಂಡ ಊರು. ತೀರ್ಮಾನವಾದದ್ದು ಮೊದಲು ರಾತ್ರಿಯ ಕತ್ತಲಲ್ಲಿ, ಆಮೇಲೆ ಅಧಿಕಾರಿಗಳ ಕೊಠಡಿಯಲ್ಲಿ. ಈ ಎರಡರ ನಡುವೆ ಹಗಲು ಹೊತ್ತಿನಲ್ಲಿ ಜನರು ಸೇರಿ ಮಾತಾಡುವ ಒಂದು ಜಾಗ ಇರಬೇಕಿತ್ತು. ಅದು ಇರಲಿಲ್ಲ. ಸಾರ್ವಜನಿಕ ರಸ್ತೆಗಳಲ್ಲಿ ಸಂಚಾರಕ್ಕೆ ಅಡ್ಡಿಯಾಗುವಂತೆ ಪ್ರತಿಮೆ ಸ್ಥಾಪನೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟು 2013ರ ಜನವರಿಯಲ್ಲೇ ಆದೇಶ ಕೊಟ್ಟಿತ್ತು. ಆ ಆದೇಶ ಪೀರನವಾಡಿಯಲ್ಲಷ್ಟೇ ಅಲ್ಲ, ನಾಡಿನ ಎಲ್ಲ ವೃತ್ತಗಳಲ್ಲೂ ಧೂಳು ತಿನ್ನುತ್ತಿದೆ. ಇದೂ ಸೋಜಿಗವೇನಲ್ಲ. ಕೇಳುವ ಸಭೆಯಿಲ್ಲದ ಕಡೆ ನ್ಯಾಯಾಲಯದ ಆದೇಶವನ್ನು ಓದುವವರು ಯಾರು?

ನಮ್ಮಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಒಂದು ದೂರಿನಿಂದ ಆರಂಭಿಸುತ್ತಾರೆ. ಜನ ಐದು ವರ್ಷಕ್ಕೊಮ್ಮೆ ಮತ ಹಾಕಿ ಮಲಗಿಬಿಡುತ್ತಾರೆ, ಅವರಿಗೆ ರಾಜಕೀಯದಲ್ಲಿ ಆಸಕ್ತಿಯಿಲ್ಲ ಎಂಬುದು ಆ ದೂರು. ಬೆಳಗಾವಿಯನ್ನು ಕಂಡವರು ಈ ಮಾತನ್ನು ಒಪ್ಪಲಾರರು. ಇಲ್ಲಿ ಜನ ಮಲಗಿದ್ದೇ ಇಲ್ಲ. ನವೆಂಬರ್ 1ರಂದು ಒಂದು ಬೀದಿಯಲ್ಲಿ ರಾಜ್ಯೋತ್ಸವದ ಮೆರವಣಿಗೆ ಹೊರಟರೆ ಇನ್ನೊಂದು ಬೀದಿಯಲ್ಲಿ ಕರಾಳ ದಿನದ ಮೆರವಣಿಗೆ ಹೊರಡುತ್ತದೆ. ಮತಪೆಟ್ಟಿಗೆಯನ್ನೇ ಪ್ರತಿಭಟನೆಯ ಆಯುಧ ಮಾಡಿಕೊಂಡ ಊರು ಇದು. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದಲ್ಲಿ 456 ಮಂದಿ ಕಣದಲ್ಲಿದ್ದರು. ಗಡಿವಿವಾದದ ಕಡೆ ದೇಶದ ಗಮನ ಸೆಳೆಯಲು ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಸಾಲುಸಾಲಾಗಿ ನಾಮಪತ್ರ ಸಲ್ಲಿಸಿದ್ದರು. ಅದೇ ವರ್ಷ ಆಂಧ್ರದ ನಲ್ಗೊಂಡದಲ್ಲಿ ಫ್ಲೋರೈಡ್ ನೀರಿನ ಸಂಕಟವನ್ನು ಹೇಳಲು 480 ಮಂದಿ ನಿಂತರು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ ರೈತರ ಬೇಡಿಕೆಗಾಗಿ 1,033 ಮಂದಿ. ಮತಪತ್ರ ಪುಸ್ತಕದಂತಾಯಿತು, ಮತದಾನವನ್ನೇ ಮುಂದೂಡಬೇಕಾಯಿತು.

ಆ ನೂರಾರು ಮಂದಿಯ ಮಾತಿಗೆ ಸರಕಾರದ ಉತ್ತರ ಏನಾಗಿತ್ತು ಎಂಬುದನ್ನು ಓದುಗರು ಗಮನಿಸಬೇಕು. ಅದೇ ವರ್ಷ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ಬಂತು. ಲೋಕಸಭೆಗೆ ಸ್ಪರ್ಧಿಸುವವರ ಠೇವಣಿ 500 ರೂಪಾಯಿಯಿಂದ 10,000 ರೂಪಾಯಿಗೆ ಏರಿತು. ಮಾನ್ಯತೆ ಪಡೆದ ಪಕ್ಷದ ಬೆಂಬಲವಿಲ್ಲದವರಿಗೆ ಹತ್ತು ಸೂಚಕರು ಬೇಕೆಂದಾಯಿತು. ನಲ್ಗೊಂಡದ ನೀರು, ಬೆಳಗಾವಿಯ ಗಡಿ, ಮೊಡಕುರಿಚಿಯ ಬೆಳೆ ಇದ್ದಲ್ಲೇ ಉಳಿದವು. ಬಾಗಿಲು ಮಾತ್ರ ಇನ್ನಷ್ಟು ಕಿರಿದಾಯಿತು. ಮತಪತ್ರ ಉದ್ದವಾದದ್ದೇ ರೋಗವೆಂದು ತಿಳಿದು ಮದ್ದು ಕೊಟ್ಟ ಹಾಗಾಯಿತು. ಸಮಿತಿಯ ಬೇಡಿಕೆಯನ್ನು ನಾವು ಒಪ್ಪುವುದಿಲ್ಲ. ಆದರೆ ಒಪ್ಪದ ಮಾತಿಗೂ ಹೇಳಿಕೊಳ್ಳಲು ಒಂದು ಜಾಗ ಬೇಕು ಎಂಬುದನ್ನು ಒಪ್ಪಲೇಬೇಕಾಗುತ್ತದೆ.

ಮಹಾನಗರ ಪಾಲಿಕೆಯ ಕಥೆಯೂ ಇದೇ ಜಾಡಿನದು. 2005ರಲ್ಲಿ ಪಾಲಿಕೆಯು ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆಂದು ನಿರ್ಣಯ ಮಾಡಿತು. ಬೆಂಗಳೂರಿಗೆ ಹೋದ ಮೇಯರ್ ಮುಖಕ್ಕೆ ಮಸಿ ಬಳಿಯಲಾಯಿತು, ಸರಕಾರ ಪಾಲಿಕೆಯನ್ನು ವಿಸರ್ಜಿಸಿತು. 2011ರಲ್ಲಿ ಮತ್ತೆ ಮೇಯರ್ ಕರಾಳ ದಿನದಲ್ಲಿ ಪಾಲ್ಗೊಂಡರೆಂಬ ಕಾರಣಕ್ಕೆ ಪಾಲಿಕೆ ಸೂಪರ್‌ಸೀಡ್ ಆಯಿತು. ಮುಂದೆ 2019ರಲ್ಲಿ ಅವಧಿ ಮುಗಿದ ಪಾಲಿಕೆಗೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಕುಡಿಯುವ ನೀರು, ಚರಂಡಿ, ಬೀದಿದೀಪಗಳಿಗೆ ಕಟ್ಟಿದ ಮನೆಯಲ್ಲಿ ರಾಜ್ಯದ ಗಡಿಯ ನಿರ್ಣಯ ಮಾಡಿದವರದು ತಪ್ಪು. ಆ ತಪ್ಪಿಗೆ ಇಡೀ ಊರಿನ ಚರಂಡಿಗೆ ವಾರಸುದಾರರೇ ಇಲ್ಲದಂತೆ ಮಾಡಿದ್ದೂ ತಪ್ಪು. ಎರಡೂ ಕಡೆಯವರು ‘ಜನರ ಇಚ್ಛೆ’ ಎಂಬ ಒಂದೇ ಪದವನ್ನು ಬಳಸಿದರು ಎಂಬುದು ಇಲ್ಲಿಯ ವಿಶೇಷ.

ಹಾಗಾದರೆ ಜನರ ಇಚ್ಛೆಯನ್ನು ನೇರವಾಗಿ ಕೇಳಿಬಿಡಬಾರದೇಕೆ? ಗಡಿ ಭಾಗದಲ್ಲಿ ಈ ಪ್ರಶ್ನೆ ಹಳೆಯದು. 1966ರಲ್ಲಿ ನೇಮಕವಾದ ಮಹಾಜನ ಆಯೋಗದ ಮುಂದೆ ಮಹಾರಾಷ್ಟ್ರವು ಗ್ರಾಮವನ್ನೇ ಘಟಕವನ್ನಾಗಿ ಹಿಡಿಯಬೇಕು, ಜನರ ಇಚ್ಛೆಯನ್ನು ನೋಡಬೇಕು ಎಂದು ವಾದಿಸಿತ್ತು. 1967ರಲ್ಲಿ ವರದಿ ಬಂತು. ಬೆಳಗಾವಿ ನಗರ ನಮ್ಮಲ್ಲೇ ಉಳಿಯಬೇಕು, ಖಾನಾಪುರ, ನಂದಗಡ, ನಿಪ್ಪಾಣಿ ಸೇರಿದಂತೆ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಬೇಕು, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ ಮುಂತಾದ ಕಡೆಯ 247 ಊರುಗಳು ಕರ್ನಾಟಕಕ್ಕೆ ಬರಬೇಕು, ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದಿತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ. ಏನೂ ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ರಾಯಣ್ಣನನ್ನು ನೇಣಿಗೇರಿಸಿದ ನಂದಗಡವೇ ಆ 264ರಲ್ಲಿ ಸೇರಿತ್ತು ಎಂಬುದು ವೃತ್ತದಲ್ಲಿ ಘೋಷಣೆ ಕೂಗುವ ಎಷ್ಟು ತರುಣರಿಗೆ ಗೊತ್ತಿದೆಯೋ ತಿಳಿಯದು.

ಇತ್ತ ಖಾನಾಪುರದ ಗಡಿಯಾಚೆ, ಗೋವಾದಲ್ಲಿ, ಅದೇ 1967ರ ಜನವರಿ 16ರಂದು ಜನರನ್ನು ನೇರವಾಗಿಯೇ ಕೇಳಲಾಯಿತು. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆನ್ನುವವರಿಗೆ ಹೂವಿನ ಗುರುತು, ಕೇಂದ್ರಾಡಳಿತ ಪ್ರದೇಶವಾಗಿಯೇ ಇರಬೇಕೆನ್ನುವವರಿಗೆ ಎರಡೆಲೆಯ ಗುರುತು. ವಿಲೀನದ ಪರವಾಗಿದ್ದ ಬಾಂದೋಡ್ಕರ್ ಸರಕಾರ, ಮತಗಣನೆ ನ್ಯಾಯವಾಗಿ ನಡೆಯಲೆಂದು ಅದಕ್ಕೆ ಮುಂಚೆ ರಾಜೀನಾಮೆ ಕೊಟ್ಟಿತ್ತು. ಎರಡೆಲೆಗೆ 1,72,191 ಮತ, ಹೂವಿಗೆ 1,38,170 ಮತ ಬಿದ್ದವು. 34,021 ಮತಗಳ ಅಂತರದಲ್ಲಿ ಗೋವಾ ಗೋವಾವಾಗಿ ಉಳಿಯಿತು. 1948ರ ಜುನಾಗಢ, 1975ರ ಸಿಕ್ಕಿಂ ಬಿಟ್ಟರೆ ಸ್ವತಂತ್ರ ಭಾರತದಲ್ಲಿ ಜನಮತಗಣನೆಯ ಉದಾಹರಣೆಗಳು ವಿರಳ. ಅವೆರಡೂ ಭಾರತಕ್ಕೆ ಸೇರುವ ಪ್ರಶ್ನೆಗಳು. ಭಾರತದ ಒಳಗೇ ಇರುವ ಜನರನ್ನು ‘ನೀವು ಹೇಗಿರಬಯಸುತ್ತೀರಿ’ ಎಂದು ಕೇಳಿದ್ದಕ್ಕೆ ಗೋವಾವೇ ನಮಗೆ ತೀರ ಹತ್ತಿರದ ಸಾಕ್ಷಿ.

ಗೋವಾದಲ್ಲಿ ಆದದ್ದು ಬೆಳಗಾವಿಯಲ್ಲಿ ಏಕಾಗಬಾರದು ಎಂದು ಮರಾಠಿ ಗೆಳೆಯರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಆದರೆ ಗೋವಾಕ್ಕೆ ತನ್ನದೊಂದು ಎಲ್ಲೆ ಇತ್ತು, ಪ್ರಶ್ನೆ ಇಡೀ ಪ್ರದೇಶದ್ದಾಗಿತ್ತು. ಪೀರನವಾಡಿಯಂಥ ಊರಿನಲ್ಲಿ ಪ್ರಶ್ನೆ ಕೇಳಿದರೆ ಗೆರೆ ಎಳೆಯಬೇಕಾದದ್ದು ಓಣಿಗಳ ನಡುವೆ, ಕೆಲವೊಮ್ಮೆ ಒಂದೇ ಮನೆಯ ಒಳಗೆ. ಉರ್ದು ಮನೆಮಾತಿನವನು ಹೂವಿಗೆ ಹಾಕಬೇಕೋ ಎಲೆಗೆ ಹಾಕಬೇಕೋ? ನೂರಕ್ಕೆ 51 ಮಂದಿ ಒಂದು ಕಡೆಯಾದರೆ ಉಳಿದ 49 ಮಂದಿ ಮರುದಿನ ಬೆಳಗ್ಗೆ ಅದೇ ಊರಿನಲ್ಲಿ ಪರದೇಶಿಗಳಾಗಿ ಏಳಬೇಕು. ‘ಹೌದು’ ಅಥವಾ ‘ಇಲ್ಲ’ ಎಂಬ ಎರಡೇ ಉತ್ತರಗಳಿರುವ ಪ್ರಶ್ನೆಗಳಿಗೆ ಇರುವ ದೋಷವಿದು. ಪೀರನವಾಡಿಯ ವೃತ್ತದ ಒಪ್ಪಂದದಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಜನಮತಗಣನೆಯಾಗಿದ್ದರೆ ಒಬ್ಬರನ್ನು ಕೆಳಗಿಳಿಸಬೇಕಿತ್ತು.

ನೇರ ಪ್ರಜಾಪ್ರಭುತ್ವದ ಮಾತು ಬಂದಾಗಲೆಲ್ಲ ಸ್ವಿಟ್ಜರ್‌ಲೆಂಡಿನ ಹೆಸರು ಬರುತ್ತದೆ. ಅಲ್ಲಿ ಸಂಸತ್ತು ಮಾಡಿದ ಕಾನೂನನ್ನು ಪ್ರಶ್ನಿಸಲು 100 ದಿನಗಳೊಳಗೆ 50,000 ಸಹಿ ಸಾಕು. ಸಂವಿಧಾನಕ್ಕೆ ಹೊಸ ತಿದ್ದುಪಡಿ ತರಬೇಕೆಂದರೆ 18 ತಿಂಗಳಲ್ಲಿ ಒಂದು ಲಕ್ಷ ಸಹಿ ಸಂಗ್ರಹಿಸಬೇಕು. ಕೇಳಲು ಹಿತವಾಗಿದೆ, ಕೆಲವು ಸಂಗತಿಗಳಲ್ಲಿ ಅದರಿಂದ ಒಳಿತೂ ಆಗಿದೆ. ಆದರೆ ಇದೇ ಪದ್ಧತಿಯಲ್ಲಿ 1959ರಲ್ಲಿ ಅಲ್ಲಿಯ ಗಂಡಸರು ಹೆಂಗಸರಿಗೆ ಮತದಾನದ ಹಕ್ಕು ಬೇಡವೆಂದು ಮತ ಹಾಕಿದರು. ಹಕ್ಕು ಸಿಗಲು 1971ರವರೆಗೆ ಕಾಯಬೇಕಾಯಿತು. ನಮ್ಮ ಅಜ್ಜಿಯರು 1952ರಲ್ಲೇ ಮತ ಹಾಕಿದ್ದರು. ಇನ್ನು 2009ರ ನವೆಂಬರ್ 29ರಂದು ನಡೆದದ್ದು ನಮ್ಮ ಓದುಗರಿಗೆ ನೆನಪಿರಬಹುದು. ಇಡೀ ದೇಶದಲ್ಲಿ ಬೆರಳೆಣಿಕೆಯ ಮಿನಾರಗಳಿದ್ದರೂ ಹೊಸ ಮಿನಾರ ಕಟ್ಟುವುದನ್ನು ನಿಷೇಧಿಸಬೇಕೆಂಬ ಪ್ರಸ್ತಾವಕ್ಕೆ ಶೇಕಡಾ 57.5 ಮಂದಿ ‘ಹೌದು’ ಎಂದರು. ಸರಕಾರ ಬೇಡವೆಂದಿತ್ತು, ಸಂಸತ್ತು ಬೇಡವೆಂದಿತ್ತು. ಜನ ಬೇಕೆಂದರು. ಅದು ಸಂವಿಧಾನದಲ್ಲೇ ಸೇರಿಹೋಯಿತು. ಸಂಖ್ಯೆಯಲ್ಲಿ ಚಿಕ್ಕವರಾದ ಯಾರಿಗೇ ಆಗಲಿ, ನೇರ ಪ್ರಜಾಪ್ರಭುತ್ವವನ್ನು ಹೊಗಳುವ ಮುಂಚೆ ಒಮ್ಮೆ ನಿಂತು ಯೋಚಿಸಲು ಇಷ್ಟು ಸಾಕು.

ಆದುದರಿಂದ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ. ಗುಂಡಿ ಒತ್ತಿ ಹೌದು–ಇಲ್ಲ ಹೇಳುವ ಜನಮತಗಣನೆ ಒಂದು. ಎದುರುಬದುರು ಕುಳಿತು, ಲೆಕ್ಕ ಕೇಳಿ, ಜಗಳವಾಡಿ, ಕೊನೆಗೆ ಒಂದು ನಿರ್ಣಯಕ್ಕೆ ಬರುವ ಸಭೆ ಇನ್ನೊಂದು. ಸಭೆಯಲ್ಲಿ ಎದುರಾಳಿಯ ಮುಖ ಕಾಣುತ್ತದೆ. ಮತಪೆಟ್ಟಿಗೆಯಲ್ಲಿ ಅದು ಕಾಣುವುದಿಲ್ಲ. ಈ ಎರಡನೆಯದರಲ್ಲಿ ಕರ್ನಾಟಕಕ್ಕೆ ದೇಶಕ್ಕೇ ಪಾಠ ಹೇಳುವಂಥ ಇತಿಹಾಸವಿದೆ.

ಅಬ್ದುಲ್ ನಝೀರ್ ಸಾಬರ ಹೆಸರು ಇಲ್ಲಿ ಬರಲೇಬೇಕು. ಗುಂಡ್ಲುಪೇಟೆಯ ಈ ಮನುಷ್ಯ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿ ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. ಆದರೆ ನೀರಿಗಿಂತಲೂ ದೊಡ್ಡ ಕೆಲಸವೆಂದರೆ 1983ರ ಪಂಚಾಯತ್ ಮಸೂದೆ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಗಲು 1985 ಆಯಿತು, ಚುನಾವಣೆ 1987ರಲ್ಲಿ ನಡೆಯಿತು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ಬಂದವು, ಹೆಂಗಸರಿಗೆ ಶೇಕಡಾ 25 ಮೀಸಲಾತಿ ಬಂತು. ಕೇಂದ್ರದಲ್ಲಿ 73ನೇ ತಿದ್ದುಪಡಿ ಬರಲು ಇನ್ನೂ ಐದಾರು ವರ್ಷ ಬೇಕಿತ್ತು. ಆ ಕಾನೂನಿನ ತಳದಲ್ಲಿ ಗ್ರಾಮಸಭೆ ಇತ್ತು. ಆರಿಸಿ ಬಂದವನು ಆರಿಸಿದವರ ಮುಂದೆ ವರ್ಷಕ್ಕೆ ಎರಡು ಸಲ ನಿಲ್ಲಬೇಕು ಎಂಬುದೇ ಅದರ ತಿರುಳು. ನಝೀರ್ ಸಾಬರು 1988ರಲ್ಲಿ ತೀರಿಕೊಂಡರು. ಅವರನ್ನು ‘ಅಲ್ಪಸಂಖ್ಯಾತ ನಾಯಕ’ ಎಂದು ಯಾರೂ ನೆನೆಯುವುದಿಲ್ಲ. ಅವರು ಮಾಡಿದ್ದು ಎಲ್ಲರ ಕೆಲಸ. ನಮ್ಮವರಿಗೆ ಇದು ಹೆಮ್ಮೆಯ ವಿಷಯವಾಗಿರಬೇಕಿತ್ತು. ನಮ್ಮ ಮಕ್ಕಳಿಗೆ ಅವರ ಹೆಸರೇ ಗೊತ್ತಿಲ್ಲ.

ಆ ಕಾನೂನು ಕಾಗದದ್ದಷ್ಟೇ ಆಗಿರಲಿಲ್ಲ. 1984ರಲ್ಲಿ ರಾಜ್ಯ ಸರಕಾರವು ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪೆನಿ ಕಟ್ಟಿ, ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಸುಮಾರು 30,000 ಹೆಕ್ಟೇರ್ ಜಮೀನನ್ನು ನೀಲಗಿರಿ ಬೆಳೆಸಲು ಕೊಡಲು ಹೊರಟಿತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮತ್ತು ಗೆಳೆಯರು ಜನರೊಡನೆ ಸೇರಿ ನೀಲಗಿರಿ ಸಸಿಗಳನ್ನು ಕಿತ್ತರು, ಆ ಜಾಗದಲ್ಲಿ ಜನರಿಗೆ ಉಪಯೋಗವಾಗುವ ಸಸಿ ಹಚ್ಚಿದರು. ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನಲ್ಲಿ ದಾವೆ ನಡೆದಿತ್ತು. ಇವೆರಡೂ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದೆಂದರೆ ಆಗಷ್ಟೇ ಹುಟ್ಟಿದ್ದ ಮಂಡಲ ಪಂಚಾಯತಿಗಳು ಈ ಜಮೀನು ಕಂಪೆನಿಗೆ ಹೋಗಬಾರದೆಂದು ನಿರ್ಣಯ ಮಾಡಿ ಕಳಿಸಿದ್ದು. ಬೀದಿ, ಕೋರ್ಟು, ಪಂಚಾಯತಿ ಮೂರೂ ಒಟ್ಟಿಗೆ ಕೆಲಸ ಮಾಡಿದವು. 1991ರಲ್ಲಿ ಕಂಪೆನಿ ಬಾಗಿಲು ಹಾಕಿತು. ಮತದಾನದ ಆಚೆಗಿನ ಭಾಗವಹಿಸುವಿಕೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾವು ಕುಸನೂರನ್ನು ತೋರಿಸುತ್ತೇವೆ.

ಈಗಿನ 1993ರ ಕಾಯ್ದೆಯಲ್ಲೂ ಗ್ರಾಮಸಭೆ ಇದೆ, ಅದರ ಕೆಳಗೆ ವಾರ್ಡ್ ಸಭೆ ಇದೆ. ವಾರ್ಡ್ ಸಭೆಗೆ ಮತದಾರರ ಹತ್ತರಲ್ಲೊಂದು ಭಾಗ ಅಥವಾ 20 ಮಂದಿ, ಯಾವುದು ಕಡಿಮೆಯೋ ಅಷ್ಟು ಸೇರಿದರೆ ಕೋರಂ. ಗ್ರಾಮಸಭೆಗೆ ಹತ್ತರಲ್ಲೊಂದು ಅಥವಾ 100 ಮಂದಿ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಪಂಚಾಯತಿಯ ಲೆಕ್ಕವನ್ನು ಜನರ ಮುಂದೆ ಇಡಬೇಕು. ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆಗಳೂ ಬಂದಿವೆ. ಕಾನೂನು ಓದಿದರೆ ರಾಮರಾಜ್ಯವೇ ಬಂದಂತೆ ಕಾಣುತ್ತದೆ. ವಾಸ್ತವ ಏನೆಂದರೆ, ಬಹಳಷ್ಟು ಕಡೆ ಗ್ರಾಮಸಭೆ ಎಂದರೆ ಮನೆಗಳ ಪಟ್ಟಿ ಓದುವ ದಿನ. ಯಾರಿಗೆ ಆಶ್ರಯ ಮನೆ, ಯಾರಿಗೆ ಶೌಚಾಲಯ ಎಂಬ ಎರಡು ಪ್ರಶ್ನೆ ಮುಗಿದರೆ ಜನ ಎದ್ದು ಹೋಗುತ್ತಾರೆ. ಕೋರಂ ಇಲ್ಲದಿದ್ದರೆ ಹಾಜರಿ ಪುಸ್ತಕವೇ ಮನೆಮನೆಗೆ ನಡೆದು ಬಂದು ಸಹಿ ಹಾಕಿಸಿಕೊಂಡು ಹೋಗುವುದೂ ಉಂಟು. ಡಾ. ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಸಂಕುಚಿತತೆಯ, ಜಾತೀಯತೆಯ ಗೂಡೆಂದು ಕರೆದು ಗ್ರಾಮವನ್ನು ರಾಷ್ಟ್ರದ ಬುನಾದಿಯಾಗಿ ಮಾಡಲು ಒಪ್ಪಲಿಲ್ಲ. ಗ್ರಾಮಸಭೆಯಲ್ಲಿ ಕೇರಿಯ ಹೆಂಗಸು ಎದ್ದು ನಿಂತಾಗ ಅವಳನ್ನು ಯಾವ ದನಿಯಲ್ಲಿ ಕೂರಿಸುತ್ತಾರೆ ಎಂಬುದನ್ನು ನೋಡಿದವರು ಅವರ ಮಾತನ್ನು ತಳ್ಳಿಹಾಕಲಾರರು. ಅಷ್ಟಾದರೂ ಅವಳು ಎದ್ದು ನಿಲ್ಲಲು ಕಾನೂನಿನಲ್ಲಿ ಇರುವ ಒಂದೇ ಜಾಗ ಅದು. ಬೇರೆಲ್ಲ ಕಡೆ ಅವಳ ಪರವಾಗಿ ಇನ್ನೊಬ್ಬರು ಮಾತಾಡುತ್ತಾರೆ. ಮೇಲಿನ ಎರಡು ಹಂತಗಳನ್ನಂತೂ ಸರಕಾರಗಳೇ ಮರೆತಂತಿವೆ. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಪಕ್ಷ ಯಾವುದಿದ್ದರೂ ಈ ಒಂದು ವಿಷಯದಲ್ಲಿ ಒಮ್ಮತವಿತ್ತು.

ಪೀರನವಾಡಿಯ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಒಂದು ಸಂಗತಿಯಿದೆ. ಜನಗಣತಿಯ ಲೆಕ್ಕದಲ್ಲಿ ಬಹಳ ಹಿಂದೆಯೇ ಪಟ್ಟಣವೆನಿಸಿದ್ದರೂ ಗ್ರಾಮ ಪಂಚಾಯತಿಯ ಆಡಳಿತದಲ್ಲಿದ್ದ ಈ ಊರು ಇತ್ತೀಚಿನ ವರ್ಷಗಳಲ್ಲಿ ಪಕ್ಕದ ಮಚ್ಛೆಯಂತೆ ಪಟ್ಟಣ ಪಂಚಾಯತ್ ಆಯಿತು. ಪಟ್ಟಣವಾಯಿತೆಂದು ಸಂತೋಷಪಟ್ಟವರೇ ಹೆಚ್ಚು. ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳುವ ಕ್ರಮ ಕಾನೂನಿನಲ್ಲಿದೆ. ಆದರೆ ಗ್ರಾಮ ಪಂಚಾಯತಿ ಹೋದರೆ ಅದರೊಡನೆ ಗ್ರಾಮಸಭೆಯೂ ಹೋಗುತ್ತದೆ, ವಾರ್ಡ್ ಸಭೆಯೂ ಹೋಗುತ್ತದೆ, ಜಮಾಬಂದಿಯೂ ಹೋಗುತ್ತದೆ ಎಂದು ಜನರಿಗೆ ಯಾರೂ ಡಂಗುರ ಹೊಡೆದು ಹೇಳುವುದಿಲ್ಲ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಕರ್ನಾಟಕವು 2011ರಲ್ಲಿ ವಾರ್ಡ್ ಸಮಿತಿ ಮತ್ತು ಪ್ರದೇಶ ಸಭೆಗಳಿಗಾಗಿ ತಿದ್ದಿದ್ದು ಮಹಾನಗರ ಪಾಲಿಕೆಗಳ ಕಾಯ್ದೆಯನ್ನು. ಅದನ್ನು ಜಾರಿಗೆ ತರಿಸಲು ಮಂಗಳೂರು, ಹುಬ್ಬಳ್ಳಿ–ಧಾರವಾಡಗಳಂಥ ನಗರಗಳ ನಾಗರಿಕರು ವರ್ಷಗಟ್ಟಲೆ ಬೆನ್ನು ಹತ್ತಬೇಕಾಯಿತು. ಪಟ್ಟಣ ಪಂಚಾಯತ್ ಎಂದರೆ ಹತ್ತರಿಂದ ಇಪ್ಪತ್ತು ಸಾವಿರ ಜನರ ಊರು. ಹಳ್ಳಿಯ ಸಭೆಯೂ ಇಲ್ಲ, ನಗರದ ಸಮಿತಿಯೂ ಇಲ್ಲ. ಎರಡೂ ಮನೆಗೆ ಸಲ್ಲದ ನೆಂಟನ ಸ್ಥಿತಿ.

ಇದರ ಫಲವೇನು? ಹಲಗಾ–ಮಚ್ಛೆ ಬೈಪಾಸ್ ರಸ್ತೆಯನ್ನು ನೋಡಿ. ಬೆಳಗಾವಿಯ ದಕ್ಷಿಣಕ್ಕೆ ಎರಡು–ಮೂರು ಬೆಳೆ ತೆಗೆಯುವ ಫಲವತ್ತಾದ ಹೊಲಗಳ ಮೇಲೆ ಈ ರಸ್ತೆ ಹಾಯುತ್ತದೆ. ರೈತರು ವರ್ಷಗಟ್ಟಲೆ ಹೋರಾಡಿದರು, ಕೋರ್ಟಿಗೆ ಹೋದರು, ಪೊಲೀಸ್ ಕಾವಲಿನಲ್ಲಿ ಬೆಳೆಯ ಮೇಲೆ ಯಂತ್ರ ಹರಿದಾಗ ಅಡ್ಡ ಮಲಗಿದರು. ಅವರಲ್ಲಿ ಕನ್ನಡಿಗರೂ ಇದ್ದರು, ಮರಾಠಿಗರೂ ಇದ್ದರು. ಹೊಲ ಹೋಗುವಾಗ ಯಾರೂ ಭಾಷೆ ಕೇಳುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಯೋಜನೆಗೆ ಭೂಮಾಲೀಕರಲ್ಲಿ ಶೇಕಡಾ 80, ಸರಕಾರಿ–ಖಾಸಗಿ ಸಹಭಾಗಿತ್ವದ ಯೋಜನೆಗೆ ಶೇಕಡಾ 70 ಮಂದಿಯ ಒಪ್ಪಿಗೆ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನ ಬೇಕು ಎಂದಿದೆ. ಆದರೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ನಡೆಯುವ ಸ್ವಾಧೀನಕ್ಕೆ ಅದೇ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ರಿಯಾಯಿತಿ ಕೊಡಲಾಗಿದೆ. ಅಂದರೆ ಪರಿಹಾರ ಕೊಡಬೇಕು, ಒಪ್ಪಿಗೆ ಕೇಳಬೇಕಿಲ್ಲ.

ಖಾನಾಪುರದ ಕಾಡಿನ ಹಳ್ಳಿಗಳಿಗೆ ಈ ದೃಷ್ಟಿಯಿಂದ ಕಾನೂನಿನ ಬಲ ಹೆಚ್ಚು ಎಂದರೆ ಆಶ್ಚರ್ಯವಾಗಬಹುದು. 2011ರಲ್ಲಿ ಭೀಮಗಡ ವನ್ಯಧಾಮ ಘೋಷಣೆಯಾದ ಮೇಲೆ ಅಲ್ಲಿಯ ಊರುಗಳನ್ನು ಹೊರಗೆ ಸಾಗಿಸುವ ಮಾತು ಮತ್ತೆ ಮತ್ತೆ ಬಂದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಗ್ರಾಮಸಭೆಯ ಲಿಖಿತ ಒಪ್ಪಿಗೆಯಿಲ್ಲದೆ ಅವರನ್ನು ಕದಲಿಸುವಂತಿಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 12 ಗ್ರಾಮಸಭೆಗಳನ್ನು ಕೇಳಲಾಯಿತು. ಹನ್ನೆರಡೂ ಸಭೆಗಳು ಬಾಕ್ಸೈಟ್ ಗಣಿಗಾರಿಕೆ ಬೇಡವೆಂದವು. ಬೆಟ್ಟ ಉಳಿಯಿತು. ರಸ್ತೆ, ಸೇತುವೆ, ಕರೆಂಟಿಗಾಗಿ ಕಾಯುವ ಭೀಮಗಡದ ಬಡವನ ಕೈಯಲ್ಲಿ ಅಂಥದೊಂದು ಕಾಗದವಿದೆ. ಹೆದ್ದಾರಿ ಬದಿಯ ಪಟ್ಟಣದವನ ಕೈಯಲ್ಲಿ ಇಲ್ಲ.

ಸಭೆ ಇಲ್ಲದ ಕಡೆ ಬೀದಿಯೇ ಸಭೆಯಾಗುತ್ತದೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗಲೆಲ್ಲ ಅದರ ಹೊರಗೆ ಡೇರೆಗಳ ಇನ್ನೊಂದು ಅಧಿವೇಶನ ನಡೆಯುತ್ತದೆ. ಅತಿಥಿ ಉಪನ್ಯಾಸಕರು, ಅಂಗನವಾಡಿ ಕಾರ್ಯಕರ್ತೆಯರು, ಕಬ್ಬು ಬೆಳೆಗಾರರು, ಒಂದೊಂದು ಮೀಸಲಾತಿಗಾಗಿ ಒಂದೊಂದು ಸಮುದಾಯದವರು ಅಲ್ಲಿ ಸೇರುತ್ತಾರೆ. 2013ರಲ್ಲಿ ಕಬ್ಬಿನ ಬೆಲೆಗಾಗಿ ಬಂದ ರೈತರೊಬ್ಬರು ಪ್ರತಿಭಟನೆಯ ಜಾಗದಲ್ಲೇ ವಿಷ ಕುಡಿದು ಪ್ರಾಣ ಬಿಟ್ಟರು. 2024ರ ಡಿಸೆಂಬರಿನಲ್ಲಿ ಪಂಚಮಸಾಲಿ ಹೋರಾಟಗಾರರ ಮೇಲೆ ಲಾಠಿ ಬೀಸಲಾಯಿತು. ಒಳಗಿನ ಸದನದಲ್ಲಿ ಕುರ್ಚಿಗಳು ಖಾಲಿ ಇರುವ ದಿನವೂ ಹೊರಗಿನ ಡೇರೆ ತುಂಬಿರುತ್ತದೆ.

ಈ ಮಾತಿನಲ್ಲಿ ಮುಸ್ಲಿಮರ ಸ್ಥಾನವೆಲ್ಲಿ? ಬಹಳ ಕಾಲ ನಮ್ಮನ್ನು ಮತಬ್ಯಾಂಕ್ ಎಂದು ಕರೆದರು. ಬೇಸರದ ಸಂಗತಿಯೆಂದರೆ ನಾವೂ ಹಾಗೆಯೇ ನಡೆದುಕೊಂಡೆವು. ಚುನಾವಣೆಯ ಹಿಂದಿನ ರಾತ್ರಿ ಯಾರಿಗೆ ಹಾಕಬೇಕೆಂದು ತೀರ್ಮಾನಿಸುವುದರಲ್ಲೇ ನಮ್ಮ ರಾಜಕೀಯ ಮುಗಿಯುತ್ತಿತ್ತು. ಗ್ರಾಮಸಭೆಗೆ, ಶಾಲಾಭಿವೃದ್ಧಿ ಸಮಿತಿಗೆ, ಜಮಾಬಂದಿಗೆ ಹೋಗುವವರು ಎಷ್ಟು ಮಂದಿ? ನಮ್ಮ ಮೊಹಲ್ಲಾಗಳ ಜಮಾಅತ್ ಕಮಿಟಿಗಳಲ್ಲೇ ವಾರ್ಷಿಕ ಲೆಕ್ಕ ಕೇಳಿದವನನ್ನು ಕಲಹಪ್ರಿಯನೆಂದು ಬದಿಗೆ ಸರಿಸುವುದುಂಟು. ಹೆಂಗಸರ ಮಾತನ್ನಂತೂ ಕೇಳಬೇಕಾದೀತೆಂದು ಹಲವು ಕಮಿಟಿಗಳಿಗೆ ಹೊಳೆದೂ ಇಲ್ಲ. ಸಮಾಲೋಚನೆಯನ್ನು ವಿಶ್ವಾಸಿಗಳ ಗುಣವೆಂದು ಓದುವ ಸಮುದಾಯದಲ್ಲಿ ಇದು ನಡೆಯುತ್ತಿದೆ.

ಆ ಹೆಂಗಸರೇ 2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಟ್ಯಾನರಿ ರಸ್ತೆಯಲ್ಲಿ ಬಿಲಾಲ್ ಬಾಗ್ ಕಟ್ಟಿಕೊಂಡು ಹಗಲಿರುಳು ಕುಳಿತು ಸಂವಿಧಾನದ ಪೀಠಿಕೆ ಓದಿದರು. ಅದಕ್ಕೆ ಮುಂಚೆ 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾಗಿದ್ದರು. ಬೆಂಗಳೂರಿನಲ್ಲಿ 144ನೇ ಸೆಕ್ಷನ್ ಹಾಕಿ ಜನ ಸೇರುವುದನ್ನೇ ತಡೆಯಲಾಗಿತ್ತು. ಆ ಆದೇಶ ಕಾನೂನುಬದ್ಧವಾಗಿರಲಿಲ್ಲವೆಂದು ನಮ್ಮ ಹೈಕೋರ್ಟು 2020ರ ಫೆಬ್ರವರಿಯಲ್ಲಿ ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಶಾಹೀನ್ ಬಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸುವಂತಿಲ್ಲ ಎಂದಿತು. ಎರಡನ್ನೂ ಒಟ್ಟಿಗೆ ಓದಿದರೆ ಸಿಗುವ ಅರ್ಥ ಇಷ್ಟು: ಸೇರಬಹುದು, ಆದರೆ ಎಲ್ಲಿ ಎಂದು ಕೇಳಬೇಡಿ.

ವಕ್ಫ್ ತಿದ್ದುಪಡಿ ಮಸೂದೆಯ ಸಂದರ್ಭದಲ್ಲಿ ಇನ್ನೊಂದು ಬಗೆಯ ಭಾಗವಹಿಸುವಿಕೆಯನ್ನು ಕಂಡೆವು. 2024ರಲ್ಲಿ ಜಂಟಿ ಸಂಸದೀಯ ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಮಸೀದಿಗಳ ಗೋಡೆಯ ಮೇಲೆ ಕ್ಯೂಆರ್ ಕೋಡ್ ಬಂತು, ಮಸೂದೆಯ ಪರವಾಗಿದ್ದವರೂ ಸುಮ್ಮನೆ ಕೂರಲಿಲ್ಲ. 97 ಲಕ್ಷಕ್ಕೂ ಹೆಚ್ಚು ಮನವಿಗಳು ಸಮಿತಿಗೆ ತಲುಪಿದವು. ಮೊಬೈಲಿನಲ್ಲಿ ಒಂದು ಸಲ ಬೆರಳೊತ್ತಿದರೆ ಬೇರೆ ಯಾರೋ ಬರೆದ ಪತ್ರ ನಮ್ಮ ಹೆಸರಿನಲ್ಲಿ ಹೋಗುತ್ತಿತ್ತು. 97 ಲಕ್ಷ ಪತ್ರಗಳನ್ನು ಯಾರು ಓದುತ್ತಾರೆ? ಕೊನೆಗೆ ಸಮಿತಿಯಲ್ಲಿ ಆಡಳಿತಾರೂಢ ಕೂಟದ ಸದಸ್ಯರ ತಿದ್ದುಪಡಿಗಳಷ್ಟೇ ಅಂಗೀಕಾರವಾದವು, 2025ರ ಏಪ್ರಿಲಿನಲ್ಲಿ ಕಾಯ್ದೆಯಾಯಿತು. ಕೇಳಿದ್ದೇವೆ ಎಂದು ದಾಖಲೆಯಾಯಿತು. ಸಂಖ್ಯೆಯ ಆಟದಲ್ಲಿ ನಮ್ಮ ದನಿ ಎಷ್ಟು ದೊಡ್ಡದಾದರೂ ಅದು ಸಂಖ್ಯೆಯಾಗಿಯೇ ಉಳಿಯುತ್ತದೆ. ಒಂದು ಊರಿನ ಖಬರಸ್ತಾನದ ಪಹಣಿಯಲ್ಲಿ ಏನಿದೆ, ಅಕ್ಕಪಕ್ಕದ ರೈತನ ಆತಂಕವೇನು ಎಂದು ಇಬ್ಬರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ಕೇಳುವ ಕೆಲಸ ವಿಜಯಪುರ ಜಿಲ್ಲೆಯ ಊರುಗಳಲ್ಲಿ ಆಗಬೇಕಿತ್ತು. ಅಲ್ಲಿಗೆ ಬಂದದ್ದು ನಾಯಕರ ಕಾರುಗಳು.

ಪೀರನವಾಡಿಯಂಥ ಊರುಗಳಿಗೆ ಏನು ಬೇಕು ಎಂದು ಕೇಳಿದರೆ ನಮ್ಮ ಉತ್ತರ ಸಣ್ಣದು. ಜನಮತಗಣನೆ ಬೇಡ. ರಾಜ್ಯ ಸರಕಾರ ಪುರಸಭೆಗಳ ಕಾಯ್ದೆಯನ್ನು ತಿದ್ದಿ ಪಟ್ಟಣ ಪಂಚಾಯತಿಗೂ ಪುರಸಭೆಗೂ ವಾರ್ಡ್ ಸಭೆಯನ್ನು ಕೊಡಲಿ. ಅದರ ಕಾರ್ಯಕಲಾಪ ಊರಿನ ಎಲ್ಲ ಭಾಷೆಗಳಲ್ಲೂ ನಡೆಯಲಿ. ವೃತ್ತ, ಪ್ರತಿಮೆ, ಹೆಸರು, ಬಸ್ ನಿಲ್ದಾಣ, ಕಸದ ಜಾಗ ಇವೆಲ್ಲ ಮೊದಲು ಅಲ್ಲಿಗೆ ಬರಲಿ. ಇದು ಕನಸೇನೂ ಅಲ್ಲ. ಕೇರಳದ 1994ರ ಮುನಿಸಿಪಾಲಿಟಿ ಕಾಯ್ದೆಯಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳ ಪ್ರತಿ ವಾರ್ಡಿಗೂ ವಾರ್ಡ್ ಸಭೆಯಿದೆ, ಮೂರು ತಿಂಗಳಿಗೊಮ್ಮೆ ಅದು ಸೇರಬೇಕು. ಮಹಾಜನ ಆಯೋಗ ಕರ್ನಾಟಕಕ್ಕೆ ಕೊಡಬೇಕೆಂದಿದ್ದ ಕಾಸರಗೋಡು ಕೇರಳದಲ್ಲೇ ಉಳಿಯಿತು. ಅಲ್ಲಿಯ ನಗರಸಭೆಯ ವ್ಯಾಪ್ತಿಯಲ್ಲಿರುವ ಕನ್ನಡಿಗನಿಗೆ ತನ್ನ ಓಣಿಯ ರಸ್ತೆಯ ಬಗ್ಗೆ ಎದ್ದು ನಿಂತು ಕೇಳಲು ಕಾನೂನಿನ ಒಂದು ಸಭೆಯಿದೆ. ಕರ್ನಾಟಕದಲ್ಲೇ ಉಳಿದ ಪೀರನವಾಡಿಯ ಕನ್ನಡಿಗನಿಗೂ, ಅವನ ಮರಾಠಿ, ಉರ್ದು ನೆರೆಯವರಿಗೂ ಅದಿಲ್ಲ.